ನಿಮಗಿದು ಗೊತ್ತೆ? 450 ಗಂಟೆಯಲ್ಲಿ ಉಳಿದದ್ದು 40 ನಿಮಿಷ!

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ ಬಂಡೀಪುರ ದಾಟಿದ ಮೇಲೆ ಸಿಗುವ ಮುದುಮಲೆಯ ತೆಪ್ಪಕಾಡು ಆನೆ ಶಿಬಿರದ ಬದುಕನ್ನು ಕುರಿತು ಸುಮಾರು 450 ಗಂಟೆಗಳಷ್ಟು ದೃಶ್ಯಗಳನ್ನು ಸೆರೆಹಿಡಿಯಲಾಗಿದ್ದರೂ, ಅವುಗಳಲ್ಲಿ ತೆರೆಗೆ ಬಂದದ್ದು 40 ನಿಮಿಷದೊಳಗಿನ ಭಾಗ ಮಾತ್ರ. 2023ರಲ್ಲಿ ಆಸ್ಕರ್ ಪಡೆದ, ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶನದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಆ ಚಿತ್ರ.

ಚಿತ್ರೀಕರಿಸಿದ ಅವಧಿಗೂ ಅಂತಿಮ ಚಿತ್ರದ ಅವಧಿಗೂ ಇರುವ ಪ್ರಮಾಣವನ್ನು ಚಿತ್ರೀಕರಣ ಅನುಪಾತ ಎನ್ನುತ್ತಾರೆ; ಇಲ್ಲಿ ಅದು 675ಕ್ಕೆ 1ನ್ನೂ ಮೀರುತ್ತದೆ. ಚಿತ್ರದಲ್ಲಿರುವ ತಾಯಿಯಿಲ್ಲದ ಆನೆಮರಿ ರಘುವಿಗೆ ಸಂಭಾಷಣೆ ಹೇಳಿಕೊಡುವುದಾಗಲಿ, ಅದರಿಂದ ಮತ್ತೊಂದು ಟೇಕ್ ಕೇಳುವುದಾಗಲಿ ಆಗದ ಮಾತಾದ್ದರಿಂದ ಕ್ಯಾಮೆರಾ ಕಾದು ಕುಳಿತು ಸಿಕ್ಕಿದ್ದನ್ನೆಲ್ಲ ಹಿಡಿಯಬೇಕಾಗುತ್ತದೆ. ಕಥೆಗೆ ರೂಪ ಬರುವುದು ಬಹುಪಾಲು ಸಂಕಲನದಲ್ಲಿ, ಅಂದರೆ ಬೇಕಾದ ದೃಶ್ಯಗಳನ್ನು ಆರಿಸಿ ಕತ್ತರಿಸಿ ಜೋಡಿಸುವ ಹಂತದಲ್ಲಿ. ಜೊತೆಗೆ, ಇಂಥ ಕಿರು ಸಾಕ್ಷ್ಯಚಿತ್ರವು ಕೊನೆಯ ಹೆಸರುಪಟ್ಟಿಯೂ ಸೇರಿ 40 ನಿಮಿಷ ಮೀರಕೂಡದೆಂಬುದು ಆಸ್ಕರ್ ನಿಯಮ. ಪ್ರಶಸ್ತಿಯ ಸಂಭ್ರಮದಲ್ಲಿ ರಘುವನ್ನು ಸಾಕಿದ ಬೊಮ್ಮನ್–ಬೆಳ್ಳಿ ದಂಪತಿ ಮನೆಮಾತಾದರೇನೋ ನಿಜ. ಆದರೆ ಈ ದೃಶ್ಯರಾಶಿಯನ್ನು ಜರಡಿ ಹಿಡಿದ ಸಂಕಲನಕಾರರು ಸಂಚಾರಿ ದಾಸ್ ಮೊಲ್ಲಿಕ್ ಮತ್ತು ಡಗ್ಲಸ್ ಬ್ಲಶ್.