ಒಂದು ಡಾಲರ್ ಪೆಟ್ಟಿಗೆಯ ದೊಡ್ಡ ಕಥೆ

1953ರ ಮೇ 3. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರೆಡಿಂಗ್ ಬಳಿ, ಪಿಟ್ ನದಿಯ ಎತ್ತರದ ಸೇತುವೆಯ ಮೇಲೆ ಲಾರಿಯೊಂದು ಅಂಕೆ ತಪ್ಪಿ ಕಟಾಂಜನ ಮುರಿದುಕೊಂಡು ನುಗ್ಗಿತು. ಚಾಲಕನ ಕ್ಯಾಬಿನ್ ಸೇತುವೆಯಾಚೆ ಗಾಳಿಯಲ್ಲಿ ನೇತಾಡುತ್ತಿತ್ತು. ಅದರೊಳಗೆ ಇಬ್ಬರಿದ್ದರು. ಹಿಂದೆಯೇ ಕಾರಿನಲ್ಲಿ ಬರುತ್ತಿದ್ದ ವರ್ಜೀನಿಯಾ ಶೌ ಎಂಬಾಕೆಯ ಪತಿ ಹಗ್ಗ ಇಳಿಬಿಟ್ಟು ಅವರನ್ನು ಮೇಲೆಳೆಯಲು ಇತರರ ಜೊತೆ ಓಡಿದರು. ವರ್ಜೀನಿಯಾ ತಮ್ಮ ಬಳಿಯಿದ್ದ ಅಗ್ಗದ ಕೊಡಾಕ್ ಬ್ರೌನಿ ಕ್ಯಾಮೆರಾ ಎತ್ತಿಕೊಂಡರು. ಹಗ್ಗ ಹಿಡಿದು ಪಾರಾಗುತ್ತಿರುವ ಮನುಷ್ಯನ ಆ ಚಿತ್ರಕ್ಕೆ 1954ರ ಪುಲಿಟ್ಜರ್ ಪ್ರಶಸ್ತಿ ಬಂತು. ಛಾಯಾಗ್ರಹಣಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಆಕೆ ವೃತ್ತಿ ಛಾಯಾಗ್ರಾಹಕಿಯಾಗಿರಲಿಲ್ಲ.

ಒಳ್ಳೆಯ ಚಿತ್ರಕ್ಕೆ ದುಬಾರಿ ಕ್ಯಾಮೆರಾ ಬೇಕೇ? ಕ್ಯಾಮೆರಾ ಕೊಳ್ಳಲು ಹೊರಟವರೆಲ್ಲ ಕೇಳುವ ಈ ಪ್ರಶ್ನೆಗೆ ಬ್ರೌನಿ ಹುಟ್ಟಿದ ಕಥೆಯಲ್ಲಿಯೇ ಉತ್ತರವಿದೆ.

1870ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಜಾರ್ಜ್ ಈಸ್ಟ್‌ಮನ್ ಬ್ಯಾಂಕ್ ಗುಮಾಸ್ತರಾಗಿದ್ದರು. ಆಗ ಊರಾಚೆ ಹೋಗಿ ಒಂದು ಫೋಟೊ ತೆಗೆಯಬೇಕೆಂದರೆ ದೊಡ್ಡ ಕ್ಯಾಮೆರಾ, ಮುಕ್ಕಾಲಿ, ಗಾಜಿನ ಫಲಕಗಳು, ರಾಸಾಯನಿಕದ ಬಾಟಲಿಗಳು, ಕತ್ತಲೆಗಾಗಿ ಡೇರೆ, ಎಲ್ಲವನ್ನೂ ಹೊತ್ತೊಯ್ಯಬೇಕಿತ್ತು. ಗಾಜಿಗೆ ಲೇಪನ ಹಚ್ಚಿ, ಅದು ಆರುವ ಮೊದಲೇ ಚಿತ್ರ ತೆಗೆದು, ಅಲ್ಲೇ ಸಂಸ್ಕರಿಸಬೇಕು. ಈ ಹೊರೆಯನ್ನು ಇಳಿಸುವುದೇ ಈಸ್ಟ್‌ಮನ್‌ರ ಹಟವಾಯಿತು. ಹಗಲು ಬ್ಯಾಂಕಿನ ಕೆಲಸ, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ. 1880ರಲ್ಲಿ ಒಣ ಫಲಕಗಳ ತಯಾರಿಕೆ ಶುರುವಾಯಿತು. 1888ರಲ್ಲಿ ಅವರ ಕಂಪನಿಯ 25 ಡಾಲರಿನ ಕೊಡಾಕ್ ಕ್ಯಾಮೆರಾ ಬಂತು. ಅದರೊಳಗಿನ ಸುರುಳಿಯಲ್ಲಿ ನೂರು ಚಿತ್ರಗಳಿಗೆ ಜಾಗ. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು. 10 ಡಾಲರ್ ಕೊಟ್ಟರೆ ಚಿತ್ರಗಳ ಜೊತೆ ಹೊಸ ಸುರುಳಿ ತುಂಬಿದ ಕ್ಯಾಮೆರಾ ಮರಳಿ ಬರುತ್ತಿತ್ತು. ಬಳಸುವುದು ಸುಲಭವಾಯಿತು, ಆದರೆ ಆ ಬೆಲೆ ಕೂಲಿಕಾರರ ಮನೆಗೆ ಎಟುಕುವಂತಿರಲಿಲ್ಲ.

ಈಸ್ಟ್‌ಮನ್ ಕ್ಯಾಮೆರಾ ತಯಾರಕ ಫ್ರಾಂಕ್ ಬ್ರೌನೆಲ್ ಅವರಿಗೆ ಆದಷ್ಟು ಅಗ್ಗದ ಕ್ಯಾಮೆರಾ ಮಾಡಿಕೊಡಲು ಹೇಳಿದರು. 1900ರ ಫೆಬ್ರವರಿಯಲ್ಲಿ ಬ್ರೌನಿ ಮಾರುಕಟ್ಟೆಗೆ ಬಂತು. ಚರ್ಮದಂತೆ ಕಾಣುವ ಹೊದಿಕೆಯ ರಟ್ಟಿನ ಪೆಟ್ಟಿಗೆ, ಒಂದೇ ಒಂದು ಮಸೂರ, ಸರಳ ಶಟರ್. ಫೋಕಸ್ ಮಾಡುವ ವ್ಯವಸ್ಥೆಯೇ ಇಲ್ಲ. ನೋಡಲು ಕಿಂಡಿಯೂ ಇರಲಿಲ್ಲ. ಪೆಟ್ಟಿಗೆಯ ಮೇಲೆ ಎಳೆದ ಗೆರೆಗಳ ಅಂದಾಜಿನಲ್ಲಿ ಗುರಿ ಹಿಡಿಯಬೇಕು. ಬೆಲೆ ಒಂದು ಡಾಲರ್, ಆರು ಚಿತ್ರಗಳ ಫಿಲ್ಮಿಗೆ 15 ಸೆಂಟ್. ಲಾಭವೆಲ್ಲ ಫಿಲ್ಮಿನಲ್ಲಿತ್ತು, ಆದ್ದರಿಂದ ಪೆಟ್ಟಿಗೆಯನ್ನು ಅಷ್ಟು ಅಗ್ಗವಾಗಿ ಕೊಡುವುದು ಕಂಪನಿಗೆ ಸಾಧ್ಯವಾಯಿತು. ಮಕ್ಕಳನ್ನೇ ಗುರಿಯಾಗಿಸಿ ಜಾಹೀರಾತು ಮಾಡಿದರು. ಮೊದಲ ವರ್ಷವೇ ಒಂದು ಲಕ್ಷಕ್ಕೂ ಹೆಚ್ಚು ಬ್ರೌನಿಗಳು ಹೊರಬಿದ್ದವು.

ಈ ಪೆಟ್ಟಿಗೆಗೆ ಗಟ್ಟಿಯಾದ ಮಿತಿಗಳಿದ್ದವು. ಬಿಸಿಲು ಬೇಕು, ಎದುರಿನ ವಸ್ತು ಕೆಲವು ಅಡಿ ದೂರವಿರಬೇಕು, ವೇಗವಾಗಿ ಓಡುವಂಥದ್ದಾಗಿರಬಾರದು. ಆ ಮಿತಿಯೊಳಗೆ ನಿಂತರೆ ಚಿತ್ರ ಸರಿಯಾಗಿಯೇ ಬರುತ್ತಿತ್ತು. 1912ರ ಏಪ್ರಿಲ್ 15ರಂದು ಟೈಟಾನಿಕ್‌ನಿಂದ ಬದುಕುಳಿದವರನ್ನು ಹತ್ತಿಸಿಕೊಂಡ ಕಾರ್ಪೇಥಿಯ ಹಡಗಿನಲ್ಲಿ ಬರ್ನಿಸ್ ಪಾಮರ್ ಎಂಬ ಹದಿಹರೆಯದ ಹುಡುಗಿಯಿದ್ದಳು. ಅವಳ ಕೈಯಲ್ಲೂ ಬ್ರೌನಿ. ಮಂಜುಗಡ್ಡೆಯ ಬೆಟ್ಟ ಮತ್ತು ಡೆಕ್ಕಿನ ಮೇಲೆ ಕಂಬಳಿ ಹೊದ್ದ ಜನರ ಅವಳ ಚಿತ್ರಗಳು ಇಂದು ಚರಿತ್ರೆಯ ದಾಖಲೆ. ಆ ಕ್ಯಾಮೆರಾ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ರೆಡಿಂಗ್ ಸೇತುವೆಯ ದೃಶ್ಯವೂ ಇಂಥದ್ದೇ: ಹಗಲು ಬೆಳಕು, ಸಾಕಷ್ಟು ದೂರ, ನೇತಾಡುತ್ತಾ ನಿಂತ ವಾಹನ. ಪೆಟ್ಟಿಗೆಯಿಂದ ಆಗುವ ಕೆಲಸವನ್ನೇ ಆ ಕ್ಷಣ ಕೇಳಿತ್ತು.

ಹಾಗಾದರೆ ದೊಡ್ಡ ಕ್ಯಾಮೆರಾ ಯಾರಿಗೆ ಬೇಕು? ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರ ಬದುಕು ಇದನ್ನು ಚೆನ್ನಾಗಿ ತೋರಿಸುತ್ತದೆ. 1916ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಯೊಸೆಮಿಟಿ ಕಣಿವೆಗೆ ಮೊದಲ ಬಾರಿ ಹೋದಾಗ ಅವರಿಗೆ ಸಿಕ್ಕಿದ್ದು ಬ್ರೌನಿ. ಬಂಡೆಯ ಒಂದೊಂದು ಬಿರುಕೂ ಚಿತ್ರದಲ್ಲಿ ಕಾಣಬೇಕೆನಿಸಿದಾಗ ಅವರು ದೊಡ್ಡ ಗಾಜಿನ ಫಲಕಗಳ ಕ್ಯಾಮೆರಾ ಹೊತ್ತು ಬೆಟ್ಟ ಹತ್ತಿದರು. 1927ರ ಏಪ್ರಿಲ್‌ನಲ್ಲಿ ಅದೇ ಕಣಿವೆಯ ಹಾಫ್ ಡೋಮ್ ಶಿಖರದ ಎದುರು ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು. ಮನಸ್ಸಿನಲ್ಲಿ ಕಂಡ ಗಾಂಭೀರ್ಯ ಅದರಲ್ಲಿ ಬರುವುದಿಲ್ಲವೆಂದು ಹೊಳೆದಾಗ, ಉಳಿದಿದ್ದ ಫಲಕಕ್ಕೆ ಕಡುಗೆಂಪು ಫಿಲ್ಟರ್ ಬಳಸಿದರು. ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಎರಡೂ ಬಾರಿ ಕ್ಯಾಮೆರಾ ಒಂದೇ. ಬದಲಾದದ್ದು ಫಿಲ್ಟರ್, ಅದನ್ನು ಬದಲಿಸಿದ್ದು ಅವರ ಯೋಚನೆ.

ಬ್ರೌನಿ ವಂಶದ ಕುರುಹು ನಮ್ಮ ಮನೆಗಳಲ್ಲೂ ಇದೆ. 1901ರಲ್ಲಿ ಎರಡನೇ ಬ್ರೌನಿಗಾಗಿ ಬಂದ 120 ಅಳತೆಯ ಫಿಲ್ಮನ್ನೇ ಭಾರತದಲ್ಲಿ ತಯಾರಾದ ಆಗ್ಫಾ ಕ್ಲಿಕ್-3 ಬಳಸುತ್ತಿತ್ತು. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಎಷ್ಟೋ ಕುಟುಂಬಗಳ ಆಲ್ಬಮ್ಮಿನಲ್ಲಿರುವ ಮದುವೆ, ಜಾತ್ರೆ, ಪ್ರವಾಸದ ಕಪ್ಪುಬಿಳುಪು ಚೌಕಗಳು ಇಂಥ ಕ್ಯಾಮೆರಾಗಳ ಕೊಡುಗೆ. ಅದೇ ಹೊತ್ತಿಗೆ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಾಡಿನ ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರು ಮಾಡಿದರು. ಹೆದರಿ ಹಾರುವ ಹಕ್ಕಿಯನ್ನು ದೂರದಿಂದ ಹಿಡಿಯಲು ಟೆಲಿ ಲೆನ್ಸ್ ಬೇಕು, ರಾತ್ರಿಯ ಗೂಬೆಗೆ ಫ್ಲ್ಯಾಷ್ ಬೇಕು. ಇದಕ್ಕೆ ಪೆಟ್ಟಿಗೆ ಕ್ಯಾಮೆರಾ ಸಾಲದು. ಆದರೆ ಯಾವ ಲೆನ್ಸಿನ ಜೊತೆಗೂ ಮರೆಯಲ್ಲಿ ಗಂಟೆಗಟ್ಟಲೆ ಅಲುಗದೆ ಕೂರುವ ತಾಳ್ಮೆ, ಆ ಜೀವಿಯ ದಿನಚರಿಯ ಅರಿವು ಬರುವುದಿಲ್ಲ.

ಹೆಚ್ಚು ಹಣಕ್ಕೆ ನಮಗೆ ಸಿಗುವುದು ಇಷ್ಟು: ಕಡಿಮೆ ಬೆಳಕಿನಲ್ಲಿ ತೆಗೆಯುವ ಶಕ್ತಿ, ದೂರದ್ದನ್ನು ಹತ್ತಿರ ತರುವ ಸಾಮರ್ಥ್ಯ, ಓಟವನ್ನು ತಡೆದು ನಿಲ್ಲಿಸುವ ವೇಗ, ಗೋಡೆಯಷ್ಟು ದೊಡ್ಡ ಪ್ರತಿ ಮಾಡಿದರೂ ಉಳಿಯುವ ಸೂಕ್ಷ್ಮ ವಿವರ. ಇವು ಸಣ್ಣ ಲಾಭಗಳಲ್ಲ. ವನ್ಯಜೀವಿ, ಕ್ರೀಡೆ, ಮದುವೆ ಛತ್ರದ ಮಂದ ಬೆಳಕನ್ನೇ ನಂಬಿ ದುಡಿಯುವವರು ಅದಕ್ಕೆ ಹಣ ಹಾಕಲೇಬೇಕು. ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಚೌಕಟ್ಟಿನಿಂದ ಏನನ್ನು ಬಿಡಬೇಕು, ಯಾವಾಗ ಒತ್ತಬೇಕು ಎಂಬುದಕ್ಕೆ ಮಾತ್ರ ಅಂಗಡಿಯಲ್ಲಿ ಬೆಲೆಪಟ್ಟಿ ಇಲ್ಲ.

ಇಂದು ನಿಮ್ಮ ಜೇಬಿನಲ್ಲಿರುವ ಸಾಧಾರಣ ಫೋನು ಬ್ರೌನಿಗಿಂತ ಎಷ್ಟೋ ಪಟ್ಟು ಸಮರ್ಥ. ಹೊಸ ಕ್ಯಾಮೆರಾಗೆ ಸಾಲ ಮಾಡುವ ಮೊದಲು ಅದರಲ್ಲೇ ಮನೆಯವರನ್ನು, ಬೀದಿಯನ್ನು, ಸಂತೆಯನ್ನು ಬೆಳಗಿನ ಮತ್ತು ಸಂಜೆಯ ಬೆಳಕಿನಲ್ಲಿ ತೆಗೆದು ನೋಡಿ. ನಿಮಗೆ ಬೇಕಾದ ಚಿತ್ರ ಯಾವುದು, ಅದು ಯಾವ ಕಾರಣಕ್ಕೆ ಈ ಫೋನಿನಲ್ಲಿ ಬರುತ್ತಿಲ್ಲ ಎಂದು ಖಚಿತವಾಗಿ ಹೇಳಬಲ್ಲಿರಾದರೆ ದುಬಾರಿ ಕ್ಯಾಮೆರಾ ಕೊಳ್ಳಿ, ಹಣ ಸಾರ್ಥಕವಾಗುತ್ತದೆ. ಅಲ್ಲಿಯವರೆಗೆ ಕೈಯಲ್ಲಿರುವುದರಲ್ಲೇ ತೆಗೆಯುತ್ತಿರಿ.