ಬಿಗಿಯುವ ಮುನ್ನ ಹೊಂದಿಸು

ಸ್ಪೋರ್ಟ್ಸ್ ಕಾರು ಎಂದೊಡನೆ ಹುಡುಗರ ಕಣ್ಣ ಮುಂದೆ ಬರುವುದು ಮಡಚುವ ಮಾಡು, ಹೊಳೆಯುವ ಬಣ್ಣ, ಎಂಜಿನ್ನಿನ ಅಬ್ಬರ. ಆದರೆ ಆ ಕಾರು ತಿರುವಿನಲ್ಲಿ ನೆಲ ಕಚ್ಚಿ ಓಡಲು ಕಾರಣವಾದ ಭಾಗವೊಂದು ಯಾರ ಕಣ್ಣಿಗೂ ಬೀಳದೆ ಅದರ ಹೊಟ್ಟೆಯಡಿಯಲ್ಲಿ ಅಡಗಿರುತ್ತದೆ. ಅದು ಉಕ್ಕಿನ ಗಟ್ಟಿ ಚೌಕಟ್ಟು, ಹೆಸರು ಸಬ್‌ಫ್ರೇಮ್. ಇದನ್ನು ಬಿಚ್ಚುವುದು ಶ್ರಮದ ಕೆಲಸ. ಮತ್ತೆ ಇದ್ದಲ್ಲಿಗೇ ಕೂರಿಸಿ ಬೋಲ್ಟು ಹಾಕುವುದು ಬುದ್ಧಿಯ ಕೆಲಸ. ಶಾಲೆಯ ಬೆಂಚಿನಲ್ಲಿ ಕಲಿತ ರೇಖಾಗಣಿತ ಮತ್ತು ಭೌತಶಾಸ್ತ್ರ ಇಲ್ಲಿ ಗ್ರೀಸು ಹತ್ತಿದ ಕೈಗಳಿಗೆ ಬೇಕಾಗುತ್ತವೆ.

ಏನಿದು ಸಬ್‌ಫ್ರೇಮ್?

ಹಳೆಯ ಜೀಪಿನಂಥ ವಾಹನಗಳಿಗೆ ಉದ್ದಕ್ಕೂ ಏಣಿಯಂಥ ಚಾಸಿ ಇರುತ್ತಿತ್ತು. ಇಂದಿನ ಬಹುತೇಕ ಕಾರುಗಳಿಗೆ ಅದಿಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ. ಆದರೆ ಚಕ್ರಗಳ ತೋಳುಗಳನ್ನೂ ಎಂಜಿನ್ನನ್ನೂ ಹಿಡಿದಿಡಲು ತಗಡಿನ ಬಲ ಸಾಲದು. ಅದಕ್ಕಾಗಿ ಪ್ರತ್ಯೇಕವಾದ ಚಿಕ್ಕ ಚೌಕಟ್ಟನ್ನು ಮಾಡಿ ಮೈಗೆ ಬೋಲ್ಟುಗಳಿಂದ ಬಿಗಿಯುತ್ತಾರೆ.

ಉದಾಹರಣೆಗೆ ಮಜ್ದಾ ಎಂಎಕ್ಸ್-5 ಕಾರನ್ನು ನೋಡಬಹುದು. ಸ್ವರಾಜ್ ಮಜ್ದಾ ವ್ಯಾನುಗಳ ಮೂಲಕ ನಮ್ಮಲ್ಲೂ ಪರಿಚಿತವಾಗಿದ್ದ ಜಪಾನಿನ ಕಂಪನಿ ಇದನ್ನು 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿತು. ಎರಡೇ ಆಸನ, ಒಂದು ಟನ್ನಿಗಿಂತ ಕಡಿಮೆ ತೂಕ. ಕುದುರೆ ಮತ್ತು ಸವಾರ ಒಂದಾದಂತೆ ಕಾರು ಮತ್ತು ಚಾಲಕ ಒಂದಾಗಬೇಕು ಎಂಬುದು ಇದನ್ನು ರೂಪಿಸಿದ ಎಂಜಿನಿಯರುಗಳ ಗುರಿ. 2016ರ ವೇಳೆಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಹಳೆಯ ಎಂಎಕ್ಸ್-5ಗಳನ್ನು ನವೀಕರಿಸಿಕೊಡುವ ಯೋಜನೆಯನ್ನು ಮಜ್ದಾ ಕಂಪನಿಯೇ 2017ರಲ್ಲಿ ಜಪಾನಿನಲ್ಲಿ ಪ್ರಕಟಿಸಿತು.

ಈ ಕಾರಿಗೆ ಮುಂದೊಂದು, ಹಿಂದೊಂದು ಸಬ್‌ಫ್ರೇಮ್. ಮುಂದಿನದು ಎಂಜಿನ್, ಸ್ಟೇರಿಂಗ್ ರ‍್ಯಾಕ್ ಮತ್ತು ಚಕ್ರದ ತೋಳುಗಳನ್ನು ಹೊರುತ್ತದೆ. ಹಿಂದಿನದು ಡಿಫರೆನ್ಷಿಯಲ್ ಹಾಗೂ ಹಿಂಚಕ್ರದ ತೋಳುಗಳನ್ನು ಹೊರುತ್ತದೆ. ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಈ ಚೌಕಟ್ಟಿಗೆ ತುಕ್ಕು ಹಿಡಿಸುತ್ತದೆ. ಆಗ ಅದನ್ನು ಇಳಿಸಿ, ಉಜ್ಜಿ, ಬಣ್ಣ ಬಳಿದು ಮತ್ತೆ ಏರಿಸಬೇಕಾಗುತ್ತದೆ. ಅಪಘಾತದಲ್ಲಿ ಬಾಗಿದರೆ ಬೇರೆಯದನ್ನೇ ಹಾಕಬೇಕು.

ಒಂದೂವರೆ ಮಿಲಿಮೀಟರಿನ ಲೆಕ್ಕ

ಬೋಲ್ಟು ಹಾಕಿದ ಮೇಲೆ ಚೌಕಟ್ಟು ತಾನಾಗಿಯೇ ಸರಿಯಾದ ಜಾಗದಲ್ಲಿ ಕೂರುವುದಿಲ್ಲವೇ? ಇಲ್ಲ. ಬೋಲ್ಟು ಸಲೀಸಾಗಿ ಒಳಹೋಗಬೇಕಾದರೆ ರಂಧ್ರ ಅದಕ್ಕಿಂತ ದೊಡ್ಡದಿರಬೇಕು. ಎಂಜಿನಿಯರಿಂಗ್ ಮಾನಕದ ಪ್ರಕಾರ 12 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 13.5 ಮಿ.ಮೀ. ರಂಧ್ರ. ಅಂದರೆ ಒಂದೂವರೆ ಮಿ.ಮೀ. ಸಡಿಲ.

ಇಷ್ಟರಿಂದ ಏನಾದೀತು ಎಂದು ಕೇಳುವವರು ಲೆಕ್ಕ ಹಾಕಿ ನೋಡಬಹುದು. ಹಿಂದಿನ ಚೌಕಟ್ಟಿನ ಎಡ ಮತ್ತು ಬಲ ಬೋಲ್ಟುಗಳ ನಡುವಿನ ಅಂತರ 75 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಎಡತುದಿ ಸಡಿಲದ ಮಿತಿಯವರೆಗೆ ಮುಂದಕ್ಕೂ ಬಲತುದಿ ಅಷ್ಟೇ ಹಿಂದಕ್ಕೂ ಸರಿದರೆ ಚೌಕಟ್ಟು ಸುಮಾರು 0.11 ಡಿಗ್ರಿ ತಿರುಗುತ್ತದೆ. ಚಕ್ರ ಆ ದಿಕ್ಕಿಗೇ ಉರುಳಿದರೆ 100 ಮೀಟರಿಗೆ 20 ಸೆಂ.ಮೀ. ಪಕ್ಕಕ್ಕೆ ಹೋದಂತಾಯಿತು! ಕಾರನ್ನು ನೇರ ಓಡಿಸಲು ಚಾಲಕ ಸ್ಟೇರಿಂಗನ್ನು ಸದಾ ತುಸು ವಾರೆ ಹಿಡಿದಿರಬೇಕಾಗುತ್ತದೆ. ಟೈರು ಸವೆಯುತ್ತದೆ. ಮಳೆಯಲ್ಲಿ ಜೋರಾಗಿ ತಿರುಗಿಸುವಾಗ ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ವರ್ತಿಸುವ ಕಾರು ಅಪಾಯಕ್ಕೂ ದಾರಿ.

ಮುಂದೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತದೆ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ಎಂಎಕ್ಸ್-5ರ ಕೆಳತೋಳುಗಳಲ್ಲಿ ಚಕ್ರದ ಕೋನ ಬದಲಿಸುವ ವಿಶೇಷ ಬೋಲ್ಟುಗಳೇನೋ ಇವೆ. ಆದರೆ ಅವುಗಳಿಗೂ ಒಂದು ಮಿತಿ ಇದೆ. ಚೌಕಟ್ಟಿನ ತಪ್ಪನ್ನು ಮುಚ್ಚುವುದಕ್ಕೇ ಅದು ಖರ್ಚಾದರೆ ಚಕ್ರವನ್ನು ಹೊಂದಿಸಲು ಉಳಿಯುವುದೇನು?

ಮೇಸ್ತ್ರಿಯ ಕರ್ಣ, ಮೆಕ್ಯಾನಿಕ್ಕಿನ ಕರ್ಣ

ಮನೆಯ ಪಾಯ ಗುರುತಿಸುವ ಮೇಸ್ತ್ರಿ ಒಂದು ಮೂಲೆಯಿಂದ ಎದುರು ಮೂಲೆಗೆ, ಬಳಿಕ ಇನ್ನೊಂದು ಜೋಡಿ ಮೂಲೆಗಳಿಗೆ ದಾರ ಹಿಡಿಯುತ್ತಾನೆ. ಆಯತದ ಎರಡೂ ಕರ್ಣಗಳು ಸಮ ಎಂಬ ಪಾಠ ಅದು. ಮೆಕ್ಯಾನಿಕ್ ಮಾಡುವುದೂ ಅದನ್ನೇ. ಕಾರಿನ ಮೈಮೇಲೆ ಎಡಬಲಗಳಲ್ಲಿ ಸರಿಸಮನಾದ ಎರಡು ಗುರುತು, ಚೌಕಟ್ಟಿನ ಮೇಲೆ ಎರಡು ಗುರುತು. ಮೈಯ ಎಡದಿಂದ ಚೌಕಟ್ಟಿನ ಬಲಕ್ಕೆ, ಮೈಯ ಬಲದಿಂದ ಚೌಕಟ್ಟಿನ ಎಡಕ್ಕೆ ಅಳತೆ. ಎರಡೂ ಸಮವಾದರೆ ಚೌಕಟ್ಟು ನೇರವಾಗಿದೆ ಎಂದರ್ಥ. ಕೆಲವು ಕಾರುಗಳಲ್ಲಿ ಮೈಗೂ ಚೌಕಟ್ಟಿಗೂ ಜೋಡಿ ರಂಧ್ರಗಳಿದ್ದು, ಅವುಗಳಲ್ಲಿ ಸರಳು ತೂರಿಸಿ ಜಾಗ ಹಿಡಿಯಬಹುದು.

ಜಾಣ ಮೆಕ್ಯಾನಿಕ್ ಬಿಚ್ಚುವ ಮುನ್ನವೇ ಬೋಲ್ಟಿನ ತಲೆಯ ಸುತ್ತ ಬಣ್ಣದಿಂದ ಗುರುತು ಹಾಕಿರುತ್ತಾನೆ. ಮತ್ತೆ ಜೋಡಿಸುವಾಗ ಚೌಕಟ್ಟನ್ನು ಜಾಕಿನ ಮೇಲೆ ನಿಧಾನವಾಗಿ ಏರಿಸಿ, ಎಲ್ಲ ಬೋಲ್ಟುಗಳನ್ನೂ ಬರಿಗೈಯಿಂದ ನಾಲ್ಕಾರು ಸುತ್ತು ತಿರುಗಿಸುತ್ತಾನೆ. ಮೊದಲನೆಯದನ್ನೇ ಪೂರ್ತಿ ಬಿಗಿದುಬಿಟ್ಟರೆ ನಾಲ್ಕನೆಯದು ರಂಧ್ರಕ್ಕೆ ಸಿಗುವುದಿಲ್ಲ. ಬಲವಂತ ಮಾಡಿದರೆ ಥ್ರೆಡ್ ಕೆಟ್ಟುಹೋಗುತ್ತದೆ. ಎಲ್ಲವೂ ಸಡಿಲವಾಗಿ ಕುಳಿತ ಮೇಲೆ ಅಳತೆ, ಹೊಂದಾಣಿಕೆ. ಆಮೇಲಷ್ಟೇ ಒಂದು ಮೂಲೆ, ಅದರ ಎದುರು ಮೂಲೆ ಎಂಬ ಕ್ರಮದಲ್ಲಿ ಹಂತಹಂತವಾಗಿ ಬಿಗಿತ. ಬಿಗಿಯುವಾಗ ಚೌಕಟ್ಟು ಜರುಗಿರಬಹುದು. ಆದ್ದರಿಂದ ಕೊನೆಗೆ ಮತ್ತೊಮ್ಮೆ ಅಳತೆ.

ಎಷ್ಟು ಬಿಗಿದರೆ ಸಾಕು?

ಬಲವಿದ್ದಷ್ಟೂ ಬಿಗಿಯುವುದು ಜಾಣತನವಲ್ಲ. ತಿರುಗಿಸುವ ಬಲವನ್ನು ಹಿಡಿಕೆಯ ಉದ್ದದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ. 25 ಸೆಂ.ಮೀ. ಹಿಡಿಕೆಯ ತುದಿಯಲ್ಲಿ 200 ನ್ಯೂಟನ್, ಅಂದರೆ ಸುಮಾರು 20 ಕಿಲೋ ತೂಕದಷ್ಟು ಬಲ ಹಾಕಿದರೆ 50 ನ್ಯೂಟನ್-ಮೀಟರ್ ಟಾರ್ಕ್. ಇದನ್ನು ಅಳೆಯಲು ಟಾರ್ಕ್ ರೆಂಚ್ ಇದೆ. ಯಾವ ಬೋಲ್ಟಿಗೆ ಎಷ್ಟು ಎಂಬುದು ಕಂಪನಿಯ ಕೈಪಿಡಿಯಲ್ಲಿರುತ್ತದೆ.

ಬಿಗಿದ ಬೋಲ್ಟು ಸ್ಪ್ರಿಂಗಿನಂತೆ ಅತಿ ಸೂಕ್ಷ್ಮವಾಗಿ ಹಿಗ್ಗುತ್ತದೆ. ಆ ಎಳೆತವೇ ಚೌಕಟ್ಟನ್ನು ಮೈಗೆ ಒತ್ತಿ ಹಿಡಿಯುವುದು. ವಿಚಿತ್ರವೆಂದರೆ ನಾವು ಹಾಕಿದ ಟಾರ್ಕಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಈ ಎಳೆತಕ್ಕೆ ಒದಗುತ್ತದೆ. ಉಳಿದದ್ದು ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಆದ್ದರಿಂದಲೇ ಒಣ ಬೋಲ್ಟಿಗೆ ಹೇಳಿದ ಅಂಕಿಯನ್ನು ಎಣ್ಣೆ ಸವರಿದ ಬೋಲ್ಟಿಗೆ ಅನ್ವಯಿಸಿದರೆ ಎಳೆತ ಮಿತಿಮೀರುತ್ತದೆ. ತುಕ್ಕು ಹಿಡಿದಿದ್ದರೆ ರೆಂಚ್ ಟಕ್ಕೆಂದರೂ ಒಳಗಿನ ಹಿಡಿತ ಸಡಿಲವೇ.

ತೋಳುಗಳ ರಬ್ಬರ್ ಬುಶ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಚಕ್ರ ಜೋತಾಡುತ್ತಿರುವಾಗಲೇ ಅವುಗಳ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿತ. ಬ್ರೇಕ್ ಪೈಪು ಕಳಚಿದ್ದರೆ ಗಾಳಿ ತೆಗೆಯಬೇಕು. ಬಳಿಕ ವ್ಹೀಲ್ ಅಲೈನ್‌ಮೆಂಟ್.

ಗ್ಯಾರೇಜು ಕೀಳಲ್ಲ

ಇದು ಮನೆಯಂಗಳದಲ್ಲಿ ಹುಡುಗರು ಪ್ರಯೋಗ ಮಾಡುವ ಕೆಲಸವಲ್ಲ. ಜಾಕ್ ಒಂದನ್ನೇ ನಂಬಿ ಕಾರಿನಡಿಗೆ ಯಾರೂ ನುಸುಳಬಾರದು; ಭಾರ ಹೊರುವ ಭದ್ರ ಸ್ಟ್ಯಾಂಡುಗಳು ಇರಲೇಬೇಕು. ಆಸಕ್ತಿ ಇದ್ದವರಿಗೆ ಎಸ್ಸೆಸ್ಸೆಲ್ಸಿಯ ನಂತರ ಐಟಿಐಗಳಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯಿದೆ. ಪಾಲಿಟೆಕ್ನಿಕ್‌ಗಳಲ್ಲಿ ಆಟೊಮೊಬೈಲ್ ಡಿಪ್ಲೊಮಾ ಕೂಡ ಇದೆ.

ಓದಿನಲ್ಲಿ ಹಿಂದುಳಿದವನು ಗ್ಯಾರೇಜಿಗೆ ಹೋಗಲಿ ಎನ್ನುವ ತಂದೆತಾಯಿಗಳು ಒಮ್ಮೆ ಯೋಚಿಸಬೇಕು. ಕೋನ, ಕರ್ಣ, ಘರ್ಷಣೆ ಇವುಗಳನ್ನು ಪರೀಕ್ಷೆಯಲ್ಲಿ ತಪ್ಪು ಬರೆದರೆ ಹೋಗುವುದು ಅಂಕ. ಕಾರಿನಡಿ ತಪ್ಪು ಮಾಡಿದರೆ ಹೋಗುವುದು ಯಾರದೋ ಜೀವ. ಅಂಥ ಹೊಣೆಯನ್ನು ಹೊರುವ ಕೈಗೆ ಒಳ್ಳೆಯ ತಲೆಯೂ ಬೇಕು, ತಕ್ಕ ಗೌರವವೂ ಸಲ್ಲಬೇಕು.