ಮೌಖಿಕ ಜೀವನಕಥನ ಮತ್ತು ವಿದೇಶಿ ಮಾಧ್ಯಮ: ಫೂಲನ್ ದೇವಿಯ ಚರಿತ್ರೆಯನ್ನು ಕುರಿತು

ಜೀವನಕಥನಗಳ ಸಂಗ್ರಹವು ಜಾನಪದ ಕ್ಷೇತ್ರಕಾರ್ಯದ ಮುಖ್ಯ ಅಂಗಗಳಲ್ಲೊಂದು. ವಕ್ತೃ ಹೇಳಿದ್ದನ್ನು ಸಂಗ್ರಾಹಕ ಬರೆದುಕೊಳ್ಳುವವರೆಗಿನ ಪ್ರಕ್ರಿಯೆಯನ್ನು ವಿದ್ವಾಂಸರು ಬಗೆಬಗೆಯಾಗಿ ಚರ್ಚಿಸಿದ್ದಾರೆ. ಹಾಗೆ ಬರೆದುಕೊಂಡ ಕಥನವು ಪರದೇಶದ ಪ್ರಕಾಶಕರನ್ನೂ ದೂರದರ್ಶನ ವಾಹಿನಿಯನ್ನೂ ತಲುಪಿದ ಮೇಲೆ ವಕ್ತೃವಿನ ಸ್ಥಾನವೇನಾಗುತ್ತದೆ ಎಂಬುದು ಅದರ ಮುಂದಿನ ಪ್ರಶ್ನೆ. ಇದನ್ನು ಪರಿಶೀಲಿಸಲು ಫೂಲನ್ ದೇವಿಯವರ ಜೀವನಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನ ಭಾರತದಲ್ಲಿ ಬೇರೊಂದು ಸಿಗುವುದು ಕಷ್ಟ.

ಉತ್ತರಪ್ರದೇಶದ ಜಾಲೌನ್ ಜಿಲ್ಲೆಯಲ್ಲಿ, ದೋಣಿ ನಡೆಸುವ ಮಲ್ಲಾಹ ಸಮುದಾಯದಲ್ಲಿ 1963ರಲ್ಲಿ ಹುಟ್ಟಿದ ಫೂಲನ್, 1981ರ ಫೆಬ್ರವರಿ 14ರಂದು ನಡೆದ ಬೆಹಮಯಿ ಹತ್ಯಾಕಾಂಡದಿಂದ ದೇಶಕ್ಕೆಲ್ಲ ಪರಿಚಿತರಾದರು. 1983ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದ ಭಿಂಡ್‌ನಲ್ಲಿ ಶರಣಾದ ಅವರು ವಿಚಾರಣೆಯೇ ಇಲ್ಲದೆ ಹನ್ನೊಂದು ವರ್ಷ ಸೆರೆಯಲ್ಲಿದ್ದರು. ಆ ವೇಳೆಗಾಗಲೇ ಅವರ ಬದುಕು ಐತಿಹ್ಯವಾಗಿತ್ತು. ಆಲ್ಹಾ-ಊದಲರ ವೀರಗಾಥೆಯನ್ನು ಹಾಡುವ, ಸುಲ್ತಾನಾ ಡಾಕುವಿನ ಕಥೆಯನ್ನು ನೌಟಂಕಿಯಲ್ಲಿ ಆಡುವ ಉತ್ತರ ಭಾರತದ ಜನಕ್ಕೆ ಬಂಡೆದ್ದವರ ಕಥೆ ಹೊಸತಲ್ಲ. ಪೊಲೀಸ್ ಸಮವಸ್ತ್ರ ತೊಟ್ಟ ಫೂಲನ್ ಬೊಂಬೆಗಳು ಸಂತೆಯಲ್ಲಿ ಮಾರಾಟವಾದವು. ಒಂದೆಡೆ ಆಕೆ ದುರ್ಗೆಯ ಅವತಾರ, ಇನ್ನೊಂದೆಡೆ ಕೊಲೆಗಾತಿ. ಪತ್ರಿಕೆಗಳಲ್ಲಿ ಒಂದು ಕಥೆ, ಪೊಲೀಸ್ ದಾಖಲೆಯಲ್ಲಿ ಮತ್ತೊಂದು. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ ಇವೆಲ್ಲವೂ ಪಾಠಾಂತರಗಳು.

ಈ ಪಾಠಾಂತರಗಳ ನಡುವೆ ವಕ್ತೃವಿನ ಸ್ವಂತ ಮಾತನ್ನು ಹುಡುಕಿ ಹೊರಟವರು ಲಂಡನ್ನಿನಲ್ಲಿ ನೆಲೆಸಿದ್ದ ಲೇಖಕಿ ಮಾಲಾ ಸೇನ್. ದೂರದರ್ಶನ ಕಾರ್ಯಕ್ರಮಗಳಿಗೆ ಸಂಶೋಧಕಿಯಾಗಿ ದುಡಿದಿದ್ದ ಅವರಿಗೆ ಅಲ್ಲಿನ ಮಾಧ್ಯಮದ ಒಳಹೊರಗು ತಿಳಿದಿತ್ತು. ಫೂಲನ್‌ಗೆ ಓದುಬರಹ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಸಹಕೈದಿಗಳು ಬರೆದುಕೊಂಡರು. ಆ ಬರಹಗಳು ಸೆರೆಮನೆಯಿಂದ ಹೊರಬಂದು ಲೇಖಕಿಯ ಕೈಸೇರಿದವು. ಹೀಗೆ ಸಿದ್ಧವಾದ ‘ಇಂಡಿಯಾಸ್ ಬ್ಯಾಂಡಿಟ್ ಕ್ವೀನ್’ ಕೃತಿಯನ್ನು 1991ರಲ್ಲಿ ಲಂಡನ್ನಿನ ಹಾರ್ವಿಲ್ ಸಂಸ್ಥೆ ಪ್ರಕಟಿಸಿತು. ಆ ಕೃತಿಯ ದೊಡ್ಡ ಗುಣವೆಂದರೆ ಅದು ಪರಸ್ಪರ ಹೊಂದದ ಹೇಳಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಬಿಡಿಸಲಾಗದ ಕಡೆ ಬಿಡಿಸದೆಯೇ ಬಿಟ್ಟಿರುವುದು. ಬೆಹಮಯಿಯ ಬಗ್ಗೆ ಫೂಲನ್ ಆಡಿದ ಮಾತಿನಷ್ಟೇ ಅವರು ಆಡದೆ ಉಳಿಸಿದ ಮಾತಿಗೂ ಅಲ್ಲಿ ಜಾಗವಿದೆ. ಒಳ್ಳೆಯ ಸಂಗ್ರಾಹಕರು ಮಾಡುವುದು ಇದನ್ನೇ.

ಮುಂದಿನ ಹಂತದಲ್ಲಿ ಸ್ಥಿತಿ ಬೇರೆಯಾಯಿತು. 1982ರಲ್ಲಿ ಪ್ರಸಾರ ಆರಂಭಿಸಿದ ಬ್ರಿಟನ್ನಿನ ಚಾನೆಲ್ ಫೋರ್, ಆಗ ಕಾರ್ಯಕ್ರಮಗಳನ್ನು ತಾನೇ ತಯಾರಿಸದೆ ಹೊರಗಿನ ನಿರ್ಮಾಪಕರಿಗೆ ಹಣವೊದಗಿಸಿ ಪ್ರಸಾರ ಮಾಡುತ್ತಿದ್ದ ವಾಹಿನಿಯಾಗಿತ್ತು. ವಿದೇಶದಲ್ಲಿ ಸಹಭಾಗಿಗಳನ್ನು ಅರಸುವ ಲೇಖಕರಿಗೆ ಇಂಥ ವ್ಯವಸ್ಥೆ ಅನುಕೂಲವೆಂಬುದು ನಿಜ. ಚಾನೆಲ್ ಫೋರ್ ನೆರವಿನಿಂದ, ಮಾಲಾ ಸೇನ್ ಅವರದೇ ಚಿತ್ರಕಥೆಯನ್ನಾಧರಿಸಿ ಶೇಖರ್ ಕಪೂರ್ ನಿರ್ದೇಶಿಸಿದ ‘ಬ್ಯಾಂಡಿಟ್ ಕ್ವೀನ್’ 1994ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಇದು ಸತ್ಯಕಥೆ ಎಂಬ ಘೋಷಣೆಯೊಂದಿಗೇ ಚಿತ್ರ ಆರಂಭವಾಗುತ್ತದೆ. ಪುಸ್ತಕದಲ್ಲಿ ನಾಲ್ಕಾರು ಪಾಠಗಳಾಗಿದ್ದದ್ದು ಪರದೆಯ ಮೇಲೆ ಒಂದೇ ಪಾಠವಾಯಿತು. ಕಥೆ ಬದಲಾದದ್ದು ಇಲ್ಲಿನ ತೊಡಕಲ್ಲ. ಹಾಡುಗಾರರೂ ಕಥೆಯನ್ನು ಬದಲಿಸುತ್ತಾರೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆದರೆ ಒಬ್ಬ ಹಾಡುಗಾರನ ಪಾಠ ಇನ್ನೊಬ್ಬನ ಪಾಠವನ್ನು ಅಳಿಸುವುದಿಲ್ಲ. ಲಕ್ಷಾಂತರ ಪ್ರೇಕ್ಷಕರನ್ನು ಮುಟ್ಟುವ ‘ಸತ್ಯಕಥೆ’ಗೆ ಆ ಅಳಿಸುವ ಶಕ್ತಿಯಿದೆ.

ಅದೇ ವರ್ಷ ಸೆರೆಯಿಂದ ಬಿಡುಗಡೆಯಾದ ಫೂಲನ್, ಚಿತ್ರದ ಪ್ರದರ್ಶನವನ್ನು ತಡೆಯಬೇಕೆಂದು ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೋದರು. ತಮ್ಮ ಮೇಲೆ ನಡೆದ ಅತ್ಯಾಚಾರವನ್ನು ಪರದೆಯ ಮೇಲೆ ಮತ್ತೆ ತೋರಿಸಲಾಗಿದೆ ಎಂಬುದು ಅವರ ಒಂದು ಆಕ್ಷೇಪ. ಕೊಲೆ ಆರೋಪ ಇನ್ನೂ ಇತ್ಯರ್ಥವಾಗದಿರುವಾಗ ಚಿತ್ರ ತಮ್ಮನ್ನು ಅಪರಾಧಿಯೆಂದು ನಿರೂಪಿಸುತ್ತದೆ ಎಂಬುದು ಇನ್ನೊಂದು. ನೇಣುಗಂಬದ ಭಯವಿದ್ದ ವ್ಯಕ್ತಿಗೆ ಇದು ಕಲಾವಿಮರ್ಶೆಯ ವಿಷಯವಾಗಿರಲಿಲ್ಲ. ಅವರು ಒಪ್ಪಿಗೆ ಕೊಟ್ಟಿದ್ದರೆಂಬುದು ನಿರ್ಮಾಪಕರ ವಾದ. ಅಕ್ಷರ ಬಾರದ, ಸೆರೆಯಲ್ಲಿದ್ದ ವ್ಯಕ್ತಿಯ ಒಪ್ಪಿಗೆಯ ವ್ಯಾಪ್ತಿ ಎಷ್ಟು? ಬರಹಕ್ಕೆ ಕೊಟ್ಟದ್ದು ದೃಶ್ಯಕ್ಕೂ ಸಲ್ಲುತ್ತದೆಯೆ? ಅರುಂಧತಿ ರಾಯ್ ಆಗ ಬರೆದ ವಿಮರ್ಶಾಲೇಖನಗಳು, ಬದುಕಿರುವ ಹೆಣ್ಣೊಬ್ಬಳ ಅತ್ಯಾಚಾರವನ್ನು ಆಕೆಯ ಅನುಮತಿಯಿಲ್ಲದೆ ಮರುಸೃಷ್ಟಿಸುವ ಹಕ್ಕನ್ನೇ ಪ್ರಶ್ನಿಸಿದವು. ನ್ಯಾಯಾಲಯ ತಡೆಯಾಜ್ಞೆ ನೀಡಿತು. ಕಡೆಗೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಚಾನೆಲ್ ಫೋರ್ ಕೊಟ್ಟ ಮೊತ್ತ 40,000 ಪೌಂಡುಗಳೆಂದು ವರದಿಯಾಯಿತು. ದಾಖಲಿಸಬೇಕಾದ ಮತ್ತೊಂದು ಸಂಗತಿಯಿದೆ. 1994ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಗೋಪಾಲ್ ಪ್ರಕರಣದಲ್ಲಿ, ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಯಾರು ಬೇಕಾದರೂ ಬರೆಯಬಹುದು, ಅದನ್ನು ಮೀರಿ ವ್ಯಕ್ತಿಯ ಖಾಸಗಿ ಬದುಕನ್ನು ಅವರ ಸಮ್ಮತಿಯಿಲ್ಲದೆ ಪ್ರಕಟಿಸುವುದು ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ ಎಂಬ ತತ್ತ್ವವನ್ನು ನಿರೂಪಿಸಿತ್ತು. ಅದೂ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಆತ್ಮಕಥೆಯ ಪ್ರಕಟಣೆಗೆ ಸಂಬಂಧಿಸಿದ ಪ್ರಕರಣ.

1996ರಲ್ಲಿ, ಅಂದರೆ ಮಿರ್ಜಾಪುರದಿಂದ ಲೋಕಸಭೆಗೆ ಆಯ್ಕೆಯಾದ ವರ್ಷವೇ, ಫೂಲನ್ ತಮ್ಮದೇ ಆತ್ಮಕಥೆಯನ್ನು ಹೊರತಂದರು. ಇದಕ್ಕೂ ಪ್ರಕಾಶಕರು ವಿದೇಶದವರೇ: ಪ್ಯಾರಿಸ್ಸಿನ ಫಿಕ್ಸೋ. ಮರೀ ತೆರೇಜ್ ಕ್ಯೂನಿ ಮತ್ತು ಪಾಲ್ ರಂಬಾಲಿ ಸಹಲೇಖಕರು. ಇಲ್ಲಿ ಅನುಸರಿಸಿದ ಕ್ರಮ ಗಮನಾರ್ಹ. ಫೂಲನ್ ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡು ಲಿಪ್ಯಂತರಿಸಿ, ಸಿದ್ಧವಾದ ಪಠ್ಯವನ್ನು ಅವರಿಗೆ ಓದಿ ಹೇಳಿ, ಪುಟಪುಟಕ್ಕೂ ಸಹಿ ಪಡೆಯಲಾಯಿತೆಂದು ಪ್ರಕಾಶಕರು ತಿಳಿಸಿದ್ದಾರೆ. ಹಾಗೆಂದ ಮಾತ್ರಕ್ಕೆ ಈ ಕೃತಿ ಮಾಲಾ ಸೇನ್ ಅವರ ಕೃತಿಗಿಂತ ಹೆಚ್ಚು ವಿಶ್ವಾಸಾರ್ಹವೆಂದು ಹೇಳಲಾಗದು. ಬುಂದೇಲಖಂಡದ ಆಡುಮಾತು ಫ್ರೆಂಚ್, ಇಂಗ್ಲಿಷ್‌ಗಳನ್ನು ಹಾಯುವಷ್ಟರಲ್ಲಿ ಉತ್ತಮಪುರುಷ ನಿರೂಪಣೆಯ ನಯ ಬಂದಿದೆ. ಸಂದೇಹಕ್ಕೆ ಎಡೆ ಕಡಿಮೆಯಾಗಿದೆ. ಆದರೆ ಓದಿ ಹೇಳುವ ಆ ಹಂತ ಮಾತ್ರ ಕ್ಷೇತ್ರಕಾರ್ಯ ಮಾಡುವವರು ಅನುಸರಿಸತಕ್ಕದ್ದು. ವಕ್ತೃವಿನಿಂದ ಪಡೆಯುವ ಒಪ್ಪಿಗೆಪತ್ರದಲ್ಲಿ ಮುದ್ರಣ, ಅನುವಾದ, ದೂರದರ್ಶನ ಇವುಗಳಿಗೆ ಪ್ರತ್ಯೇಕ ಸಮ್ಮತಿ ಇರಬೇಕೆಂಬುದನ್ನೂ ಈ ಪ್ರಕರಣ ತೋರಿಸಿಕೊಟ್ಟಿದೆ.

ಫೂಲನ್ 2001ರ ಜುಲೈ 25ರಂದು ದೆಹಲಿಯಲ್ಲಿ ಹತ್ಯೆಗೀಡಾದರು. ಮಾಲಾ ಸೇನ್ 2011ರಲ್ಲಿ ನಿಧನರಾದರು. ಬೆಹಮಯಿ ಪ್ರಕರಣದಲ್ಲಿ ಕೆಳ ನ್ಯಾಯಾಲಯದ ತೀರ್ಪು ಬಂದದ್ದು 2024ರ ಫೆಬ್ರವರಿಯಲ್ಲಿ, ಘಟನೆ ನಡೆದು ನಲವತ್ಮೂರು ವರ್ಷಗಳ ಮೇಲೆ. ಅಷ್ಟರಲ್ಲಿ ಆರೋಪಿಗಳಲ್ಲಿ ಬಹುತೇಕರು ತೀರಿಹೋಗಿದ್ದರು. ಚಿತ್ರ ಬಂದು ಆಗ ಮೂವತ್ತು ವರ್ಷಗಳಾಗಿದ್ದವು.